ದಿನಾ ಹೊಡೆಯಬೇಕಾದ ರಿಮೈಂಡರ್ ಹೊಡೆಯದಿದ್ದರೆ: ದೋಷ ಹುಡುಕುವ ಬಗೆ

ಬೆಳಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ ತಿಂಡಿ ಮುಟ್ಟುವಂತಿಲ್ಲ. ಅದಕ್ಕೇ ಅಂತ ಫೋನಿನಲ್ಲಿ ದಿನಾ ಬರುವ ರಿಮೈಂಡರ್ ಇಟ್ಟಿರುತ್ತೀರಿ. ನಾಲ್ಕು ದಿನ ಸರಿಯಾಗಿ ಬರುತ್ತದೆ. ಐದನೇ ದಿನ 7.20ಕ್ಕೆ, ಅದೂ ನೀವು ಫೋನ್ ಕೈಗೆತ್ತಿಕೊಂಡ ಗಳಿಗೆಯಲ್ಲೇ, ಟಿಂಗ್ ಅನ್ನುತ್ತದೆ. ಅಷ್ಟರಲ್ಲಿ ಕಾಫಿ ಕುಡಿದಾಗಿರುತ್ತದೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡುವುದು ಆ್ಯಪ್ ಕಿತ್ತು ಹಾಕಿ ಮತ್ತೆ ಹಾಕಿಕೊಳ್ಳುವುದು. ದಯವಿಟ್ಟು ಅದೊಂದನ್ನು ಕೊನೆಗೆ ಇಟ್ಟುಕೊಳ್ಳಿ. ಆ್ಯಪ್ ಕಿತ್ತರೆ ದೋಷ ಎಲ್ಲಿತ್ತು ಎಂಬ ಸುಳಿವೂ ಅದರ ಜೊತೆಗೇ ಹೋಗುತ್ತದೆ. ಸಾಲದ್ದಕ್ಕೆ, ಮೊದಲು ಕೊಟ್ಟಿದ್ದ ಅನುಮತಿಗಳೆಲ್ಲ ಅಳಿಸಿಹೋಗಿ, ಇದ್ದ ಒಂದು ತೊಂದರೆ ಎರಡಾಗುತ್ತದೆ.

ರಿಮೈಂಡರ್ ಬರಬೇಕಾದರೆ ಮೂರು ಕೆಲಸ ಸರಿಯಾಗಿ ನಡೆಯಬೇಕು. ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಆ್ಯಪ್‌ನದು. ಆ ಹೊತ್ತಿಗೆ ಮಲಗಿರುವ ಆ್ಯಪ್ ಅನ್ನು ತಟ್ಟಿ ಎಬ್ಬಿಸುವುದು ಫೋನಿನ ಪಾಲು. ಎದ್ದದ್ದಕ್ಕೆ ಬಾಯಿ ಬಿಡಲು ಅವಕಾಶ ಉಂಟೋ ಇಲ್ಲವೋ ಎಂಬುದು ನೀವು ಮಾಡಿಟ್ಟ ಸೆಟ್ಟಿಂಗ್ಸ್‌ಗೆ ಬಿಟ್ಟದ್ದು. ಲೆಕ್ಕ ತಪ್ಪಿದರೆ ತಪ್ಪು ದಿನ ಬರುತ್ತದೆ. ಎಬ್ಬಿಸದಿದ್ದರೆ ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಬಾಯಿ ಕಟ್ಟಿದ್ದರೆ ಬಂದರೂ ಕೇಳಿಸುವುದಿಲ್ಲ. ಈ ಮೂರರಲ್ಲಿ ಯಾವುದು ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ಮೊದಲು ಸಾಕ್ಷಿ ನೋಡಿ

ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹೊಸ ಫೋನ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ಸ್, ಅದರೊಳಗೆ ನೋಟಿಫಿಕೇಶನ್ ಹಿಸ್ಟರಿ ಎಂಬ ಪುಟವಿದೆ. ಸ್ಯಾಮ್‌ಸಂಗ್‌ನಲ್ಲಿ ಅದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಒಂದು ಹೆಜ್ಜೆ ಆಳದಲ್ಲಿರುತ್ತದೆ. ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್‌ನಿಂದ ಏನು ಬಂತು, ಎಷ್ಟು ಹೊತ್ತಿಗೆ ಬಂತು ಎಂಬುದೆಲ್ಲ ಅಲ್ಲಿ ಸಿಗುತ್ತದೆ, ನೀವು ಒರೆಸಿ ಹಾಕಿದ್ದೂ ಸೇರಿ. ಆದರೆ ಮೊದಲೇ ಆನ್ ಮಾಡಿಟ್ಟಿರಬೇಕು. ಆಫ್ ಇದ್ದ ದಿನಗಳ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಈಗಲೇ ಆನ್ ಮಾಡಿ, ಒಂದು ರಾತ್ರಿ ಕಳೆಯಲಿ, ಮರುದಿನ ನೋಡಿ.

ಅಲ್ಲಿ ಕಾಣಬಹುದಾದ್ದು ಇಷ್ಟೇ. 6.00 ಎಂದೇ ದಾಖಲಾಗಿದ್ದು ನಿಮಗೆ ಕೇಳಿಸಿಲ್ಲವೆಂದರೆ ದೋಷ ಸದ್ದಿನದು. 7.20 ಎಂದಿದ್ದರೆ ಫೋನ್ ಎಬ್ಬಿಸಿಲ್ಲ. ಏನೂ ಇಲ್ಲದಿದ್ದರೆ ಅನುಮತಿ ಇಲ್ಲ, ಆ್ಯಪ್ ಅನ್ನು ಕೊಂದು ಹಾಕಲಾಗಿದೆ, ಇಲ್ಲವೇ ಲೆಕ್ಕವೇ ತಪ್ಪಿದೆ.

ಇನ್ನೊಂದು ಪರೀಕ್ಷೆ ಐದು ನಿಮಿಷದ್ದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅದೇ ಆ್ಯಪ್‌ನಲ್ಲಿ ಐದು ನಿಮಿಷದ ಮುಂದಿನ ಸಮಯಕ್ಕೆ ಒಂದು ರಿಮೈಂಡರ್ ಇಡಿ, ಸ್ಕ್ರೀನ್ ಆರಿಸಿ ಕಾಯಿರಿ. ಬಂದರೆ ಫೋನಿನೊಳಗೇ ಎಣಿಸುವ ರಿಮೈಂಡರ್ ಅದು. ನೆಟ್ ಇದ್ದಾಗ ಮಾತ್ರ ಬರುತ್ತದೆ ಎಂದಾದರೆ ಸಂದೇಶ ದೂರದ ಸರ್ವರ್‌ನಿಂದ ಬರುತ್ತಿದೆ. ಬ್ಯಾಂಕ್, ವಿಮೆ, ರೀಚಾರ್ಜ್ ಆ್ಯಪ್‌ಗಳು ಕಳಿಸುವ ‘ನಾಳೆ ಕೊನೇ ದಿನ’ ಸಂದೇಶಗಳು ಬಹುಮಟ್ಟಿಗೆ ಈ ಜಾತಿಯವು. ಸಿಗ್ನಲ್ ಸಿಗದ ತೋಟದ ಮನೆಯಲ್ಲಿ ಕೂತು ಅವನ್ನು ನಂಬಿಕೊಳ್ಳುವಂತಿಲ್ಲ, ಯಾವ ಸೆಟ್ಟಿಂಗ್ ಬದಲಿಸಿದರೂ ಅಷ್ಟೇ.

ಬಂದಿದೆ, ಆದರೆ ಕೇಳಿಸಿಲ್ಲ

ಆಂಡ್ರಾಯ್ಡ್ ಫೋನಿನಲ್ಲಿ ವಾಲ್ಯೂಮ್ ಒಂದೇ ಅಲ್ಲ. ಹಾಡಿನದು ಬೇರೆ, ರಿಂಗ್‌ನದು ಬೇರೆ, ಅಲಾರಾಂನದು ಬೇರೆ; ಹಲವು ಫೋನ್‌ಗಳಲ್ಲಿ ನೋಟಿಫಿಕೇಶನ್‌ಗೂ ಪ್ರತ್ಯೇಕ ಪಟ್ಟಿ ಇದೆ. ವಾಲ್ಯೂಮ್ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಏರುವುದು ಹಾಡಿನದು. ಅದನ್ನು ಪೂರ್ತಿ ಏರಿಸಿ ‘ವಾಲ್ಯೂಮ್ ಫುಲ್ ಇದೆಯಲ್ಲ’ ಎನ್ನುವವರು ಬಹಳ. ಸೆಟ್ಟಿಂಗ್ಸ್‌ನ ಸೌಂಡ್ ಪುಟ ತೆರೆದು ನಾಲ್ಕನ್ನೂ ಕಣ್ಣಾರೆ ನೋಡಿ.

ಗಡಿಯಾರದ ಆ್ಯಪ್‌ನಲ್ಲಿ ಇಟ್ಟದ್ದು ಅಲಾರಾಂ ವಾಲ್ಯೂಮ್‌ನಲ್ಲಿ, ನೀವು ನಿಲ್ಲಿಸುವವರೆಗೆ ಹೊಡೆದುಕೊಳ್ಳುತ್ತದೆ. ಕ್ಯಾಲೆಂಡರ್‌ನಲ್ಲೋ ಟಾಸ್ಕ್ಸ್‌ನಲ್ಲೋ ಇಟ್ಟದ್ದು ನೋಟಿಫಿಕೇಶನ್ ವಾಲ್ಯೂಮ್‌ನಲ್ಲಿ ಒಂದೇ ಒಂದು ಸಲ ಟಿಂಗ್ ಎಂದು ಸುಮ್ಮನಾಗುತ್ತದೆ. ಕುಕ್ಕರ್ ಕೂಗುವ ಅಡುಗೆಮನೆಯಲ್ಲಿ ಆ ಟಿಂಗ್ ಯಾರಿಗೂ ಕೇಳುವುದಿಲ್ಲ. ಹಾಗಾಗಿ ಹೊತ್ತಿಗೆ ಸರಿಯಾಗಿ ನುಂಗಬೇಕಾದ ಮಾತ್ರೆಗೆ ಗಡಿಯಾರದ ಅಲಾರಾಂ ಬಿಟ್ಟು ಬೇರೇನೂ ಬೇಡ ಎಂಬುದು ನಮ್ಮ ಅಭಿಪ್ರಾಯ. ಲೇಬಲ್‌ನಲ್ಲಿ ‘ಥೈರಾಯ್ಡ್ ಮಾತ್ರೆ’ ಎಂದು ಬರೆದರೆ ಹೊಡೆಯುವಾಗ ಸ್ಕ್ರೀನ್ ಮೇಲೆ ಅದೇ ಕಾಣುತ್ತದೆ.

ಡೂ ನಾಟ್ ಡಿಸ್ಟರ್ಬ್ ಕೂಡ ಹೀಗೇ ಭೇದ ಮಾಡುತ್ತದೆ. ಅದರೊಳಗೆ ಅಲಾರ್ಮ್ಸ್, ರಿಮೈಂಡರ್ಸ್, ಕ್ಯಾಲೆಂಡರ್ ಈವೆಂಟ್ಸ್ ಎಂದು ಬೇರೆಬೇರೆ ಸ್ವಿಚ್‌ಗಳಿವೆ. ಅಲಾರಾಂ ಹೊಡೆಯುತ್ತದೆ, ರಿಮೈಂಡರ್ ಮಾತ್ರ ಮೌನ ಎಂದಾದರೆ ಇಲ್ಲಿ ನೋಡಿ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ತಾನಾಗಿ ಆನ್ ಆಗುವ ವೇಳಾಪಟ್ಟಿ ಎಂದೋ ಹಾಕಿಟ್ಟು ಮರೆತಿರುವುದು ಮಾಮೂಲು. 6 ಗಂಟೆಯ ರಿಮೈಂಡರ್ ದಿನವೂ ಮೌನ, 8ರದು ದಿನವೂ ಸರಿ ಎಂಬ ಲಕ್ಷಣ ಕಂಡರೆ ಬಹುತೇಕ ಇದೇ.

ಒಂದು ಆ್ಯಪ್‌ನ ನೋಟಿಫಿಕೇಶನ್ ಆನ್ ಇದ್ದರೂ ಅದರ ಒಳಗಿನ ಒಂದು ವಿಭಾಗ ಮಾತ್ರ ಆಫ್ ಆಗಿರಬಹುದು. ಆಂಡ್ರಾಯ್ಡ್ 8ರಿಂದ (2017) ಪ್ರತಿ ಆ್ಯಪ್‌ನ ಸೂಚನೆಗಳೂ ಹೀಗೆ ಚಾನೆಲ್‌ಗಳಾಗಿ ಹಂಚಿಹೋಗಿವೆ. ಬಂದ ಸೂಚನೆಯನ್ನು ಯಾರಾದರೂ ಒತ್ತಿ ಹಿಡಿದು ಸೈಲೆಂಟ್ ಎಂದು ಆರಿಸಿದ್ದರೆ ಆ ಚಾನೆಲ್ ಅಂದಿನಿಂದ ಮೂಕ. ಮಕ್ಕಳ ಕೈಗೆ ಫೋನ್ ಹೋದ ಮನೆಗಳಲ್ಲಿ ಇದು ಅಪರೂಪವಲ್ಲ. ಆ್ಯಪ್‌ನ ಚಿಹ್ನೆ ಒತ್ತಿ ಹಿಡಿದರೆ ಸಿಗುವ ಆ್ಯಪ್ ಇನ್ಫೊ ಪುಟದಲ್ಲಿ ನೋಟಿಫಿಕೇಶನ್ಸ್ ತೆರೆದು, ರಿಮೈಂಡರ್ ಎಂಬ ಸಾಲು ಒತ್ತಿ, ಸೈಲೆಂಟ್ ಇದ್ದದ್ದನ್ನು ಡಿಫಾಲ್ಟ್ ಅಥವಾ ಅಲರ್ಟಿಂಗ್ ಮಾಡಿ.

ತಡವಾಗಿ ಬರುತ್ತದೆ

ಹೆಚ್ಚು ಮಂದಿಯನ್ನು ಕಾಡುವುದು ಇದು, ಅರ್ಥವಾಗದೆ ಉಳಿಯುವುದೂ ಇದೇ.

ಬ್ಯಾಟರಿ ಉಳಿಸಲು ಆಂಡ್ರಾಯ್ಡ್ 6ರಲ್ಲಿ (2015) ಡೋಜ್ ಎಂಬ ಏರ್ಪಾಡು ಬಂತು. ಚಾರ್ಜರ್ ಹಾಕಿಲ್ಲ, ಸ್ಕ್ರೀನ್ ಆರಿದೆ, ಫೋನ್ ಅಲುಗಾಡದೆ ಮೇಜಿನ ಮೇಲೆ ಬಿದ್ದಿದೆ: ಹೀಗೆ ಸ್ವಲ್ಪ ಹೊತ್ತು ಕಳೆದರೆ ಫೋನ್ ಗಾಢ ನಿದ್ದೆಗೆ ಜಾರುತ್ತದೆ. ಆಮೇಲೆ ಆ್ಯಪ್‌ಗಳಿಗೆ ಇಷ್ಟ ಬಂದಾಗ ಏಳುವ ಸ್ವಾತಂತ್ರ್ಯ ಇಲ್ಲ. ನಡುನಡುವೆ ಫೋನ್ ತಾನೇ ಅರೆಗಳಿಗೆ ಕಣ್ಣು ಬಿಟ್ಟಾಗ ಬಾಕಿ ಕೆಲಸಗಳೆಲ್ಲ ಒಟ್ಟಿಗೆ ನಡೆಯುತ್ತವೆ. ನಿದ್ದೆ ಉದ್ದವಾದಷ್ಟೂ ಹಾಗೆ ಕಣ್ಣು ಬಿಡುವುದು ಅಪರೂಪವಾಗುತ್ತ ಹೋಗುತ್ತದೆ. ಕೈಯಲ್ಲಿ ಎತ್ತಿಕೊಂಡ ಕೂಡಲೇ ನಿದ್ದೆ ಹರಿದು, ತಡೆಹಿಡಿದದ್ದೆಲ್ಲ ಒಮ್ಮೆಲೇ ಟಿಂಗ್ ಟಿಂಗ್ ಎಂದು ಬೀಳುತ್ತದೆ. 7.20ರ ಟಿಂಗ್ ಅದೇ.

ಡೋಜ್‌ನ ಕೈವಾಡವೇ ಎಂದು ತಿಳಿಯಲು ಒಂದು ರಾತ್ರಿ ಫೋನನ್ನು ಚಾರ್ಜರ್‌ಗೆ ಹಾಕಿ ಮಲಗಿ, ಇನ್ನೊಂದು ರಾತ್ರಿ ಹಾಕದೆ ಮಲಗಿ. ಹಾಕಿದ ರಾತ್ರಿ ಸರಿಯಾಗಿ 6ಕ್ಕೆ, ಹಾಕದ ರಾತ್ರಿ ತಡ ಎಂದಾದರೆ ಸಂಶಯವೇ ಬೇಡ. ರಾತ್ರಿ ಕರೆಂಟ್ ಹೋಗುವ ಊರುಗಳಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಚಾರ್ಜರ್ ಚುಚ್ಚಿದ್ದರೂ ಕರೆಂಟ್ ಇಲ್ಲದಿದ್ದರೆ ಫೋನಿನ ಲೆಕ್ಕದಲ್ಲಿ ಚುಚ್ಚಿಲ್ಲವೆಂದೇ.

ಗಡಿಯಾರದ ಆ್ಯಪ್‌ಗೆ ಈ ತೊಂದರೆ ಯಾಕಿಲ್ಲ? ಆಂಡ್ರಾಯ್ಡ್‌ನಲ್ಲಿ ಎಬ್ಬಿಸಿಕೊಳ್ಳುವ ಕೋರಿಕೆಗಳಲ್ಲಿ ದರ್ಜೆಗಳಿವೆ. ಅಲಾರಾಂ ಗಡಿಯಾರ ಎಂಬ ದರ್ಜೆಯ ಕೋರಿಕೆ ಡೋಜ್ ಇದ್ದರೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಹಾಗೆ ಕೋರಿಕೆ ಸಲ್ಲಿಸಿದಾಗ ಲಾಕ್ ಸ್ಕ್ರೀನಿನಲ್ಲೋ ಮೇಲಿನ ಪಟ್ಟಿಯಲ್ಲೋ ಪುಟ್ಟ ಅಲಾರಾಂ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಮಾತ್ರೆಯ ಆ್ಯಪ್‌ನಲ್ಲಿ ಸಮಯ ಇಟ್ಟ ಮೇಲೆ ಆ ಚಿಹ್ನೆ ಬಂದರೆ ನೆಮ್ಮದಿ. ಅದರ ಕೆಳಗಿನ ದರ್ಜೆ ನಿಖರ ಅಲಾರಾಂ. ಇದೂ ಡೋಜ್‌ನಲ್ಲಿ ಏಳಬಲ್ಲದು, ಆದರೆ ಒಂದು ಆ್ಯಪ್‌ಗೆ 9 ನಿಮಿಷಕ್ಕೆ ಒಮ್ಮೆ ಎಂಬ ಮಿತಿ ಆಂಡ್ರಾಯ್ಡ್‌ನ ದಾಖಲೆಗಳಲ್ಲೇ ಇದೆ. 8.00ಕ್ಕೆ ಒಂದು ಮಾತ್ರೆ, 8.05ಕ್ಕೆ ಇನ್ನೊಂದು ಎಂದು ಇಟ್ಟಾಗ ಎರಡನೆಯದು 8.09ಕ್ಕೆ ಬರುವುದು ಇದರಿಂದ. ಎರಡನ್ನೂ ಒಂದೇ ರಿಮೈಂಡರ್‌ನಲ್ಲಿ ಬರೆದರೆ ಆಯಿತು. ಕೊನೆಯದು ಅಂದಾಜಿನ ಅಲಾರಾಂ. ಆಂಡ್ರಾಯ್ಡ್ 12ರಿಂದೀಚೆಗೆ ಇದಕ್ಕೆ ಹೇಳಿದ ಹೊತ್ತಿನಿಂದ ಒಂದು ಗಂಟೆಯ ಒಳಗೆ ಎಂಬಷ್ಟೇ ಭರವಸೆ. ಡೋಜ್ ಇದ್ದರೆ ಅದೂ ಇಲ್ಲ.

ನಿಖರ ಅಲಾರಾಂ ಇಡಲು ಆ್ಯಪ್‌ಗೆ ಪ್ರತ್ಯೇಕ ಅನುಮತಿ ಬೇಕು. ಆಂಡ್ರಾಯ್ಡ್ 12ರಲ್ಲಿ (2021) ಬಂದ ಈ ಅನುಮತಿ ಮೊದಲು ತಾನಾಗಿ ಸಿಗುತ್ತಿತ್ತು. ಆಂಡ್ರಾಯ್ಡ್ 14ರಿಂದ, ಹೊಸದಾಗಿ ಹಾಕಿಕೊಂಡ ಹೆಚ್ಚಿನ ಆ್ಯಪ್‌ಗಳಿಗೆ ಅದು ಆಫ್ ಆಗಿಯೇ ಇರುತ್ತದೆ. ಗಡಿಯಾರ, ಕ್ಯಾಲೆಂಡರ್ ಜಾತಿಯ ಆ್ಯಪ್‌ಗಳಿಗೆ ಮಾತ್ರ ವಿನಾಯಿತಿ. ‘ಹಳೇ ಫೋನಿನಲ್ಲಿ ಇದೇ ಆ್ಯಪ್ ಕರೆಕ್ಟಾಗಿತ್ತು, ಹೊಸ ಫೋನಿನಲ್ಲಿ ಕೈಕೊಡ್ತಿದೆ’ ಎಂಬ ದೂರಿಗೆ ಬಹಳ ಸಲ ಇಷ್ಟೇ ಕಾರಣ. ಆ್ಯಪ್ ಕಿತ್ತು ಮತ್ತೆ ಹಾಕಬೇಡಿ ಎಂದದ್ದೂ ಇದಕ್ಕೇ.

ಸರಿಪಡಿಸಲು: ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್, ಅಲಾರ್ಮ್ಸ್ ಅಂಡ್ ರಿಮೈಂಡರ್ಸ್. ಅಲ್ಲಿ ನಿಮ್ಮ ಆ್ಯಪ್ ಆನ್ ಮಾಡಿ. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ‘ಅಲಾರ್ಮ್ಸ್’ ಎಂದು ಹುಡುಕಿದರೆ ಬೇಗ ಸಿಗುತ್ತದೆ. ಆಮೇಲೆ ಆ್ಯಪ್ ಒಮ್ಮೆ ತೆರೆದು, ಇದ್ದ ರಿಮೈಂಡರ್ ಅನ್ನು ತಿದ್ದಿ ಮತ್ತೆ ಉಳಿಸಿ. ಅನುಮತಿ ಇಲ್ಲದಾಗ ಇಟ್ಟ ಹಳೆಯ ಕೋರಿಕೆ ಎಲ್ಲ ಆ್ಯಪ್‌ಗಳಲ್ಲೂ ತಾನಾಗಿ ನಿಖರವಾಗುವುದಿಲ್ಲ.

ಎರಡನೇ ಹೆಜ್ಜೆ ಬ್ಯಾಟರಿ. ಆ್ಯಪ್ ಇನ್ಫೊದಲ್ಲಿ ಬ್ಯಾಟರಿ ಸಾಲು ಒತ್ತಿದರೆ ಅನ್‌ರಿಸ್ಟ್ರಿಕ್ಟೆಡ್, ಆಪ್ಟಿಮೈಸ್ಡ್, ರಿಸ್ಟ್ರಿಕ್ಟೆಡ್ ಎಂದು ಮೂರು ಕಾಣುತ್ತವೆ. ರಿಮೈಂಡರ್ ಆ್ಯಪ್‌ಗೆ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ದಿನಕ್ಕೆ ಮೂರ್ನಾಲ್ಕು ಸಲ ಏಳುವ ಆ್ಯಪ್ ಅಷ್ಟರಿಂದ ಬ್ಯಾಟರಿ ಖಾಲಿ ಮಾಡುವುದಿಲ್ಲ. ಆ ಭಯ ಬೇಡ. ಇಲ್ಲಿ ಇನ್ನೊಂದು ವಿಚಿತ್ರ ಲಕ್ಷಣವಿದೆ. ದಿನಕ್ಕೆ ಮೂರು ಹೊತ್ತು ಇಟ್ಟದ್ದರಲ್ಲಿ ಒಂದೇ ಹೊತ್ತು ಬರುತ್ತದೆ. ಬಹಳ ದಿನ ಮುಟ್ಟದ ಆ್ಯಪ್‌ಗಳನ್ನು ಆಂಡ್ರಾಯ್ಡ್ ತಾನಾಗಿ ತಳ್ಳುವ ಕಟ್ಟಕಡೆಯ ವರ್ಗಕ್ಕೆ ದಿನಕ್ಕೆ ಒಂದೇ ಅಲಾರಾಂ ಎಂಬ ಮಿತಿ ಇದೆ. ಆಗಾಗ ಆ್ಯಪ್ ತೆರೆಯುವುದು, ಅನ್‌ರಿಸ್ಟ್ರಿಕ್ಟೆಡ್ ಕೊಡುವುದು, ಇವೆರಡೇ ದಾರಿ.

ಬರಲೇ ಇಲ್ಲ

ಆಂಡ್ರಾಯ್ಡ್ 13ರಿಂದ (2022) ಹೊಸ ಆ್ಯಪ್ ಸೂಚನೆ ತೋರಿಸಲೂ ನಿಮ್ಮನ್ನು ಕೇಳಬೇಕು. ಮೊದಲ ಸಲ ತೆರೆದಾಗ ಬಂದ ಪೆಟ್ಟಿಗೆಗೆ ‘ಡೋಂಟ್ ಅಲೌ’ ಒತ್ತಿದ್ದರೆ ಆ್ಯಪ್ ಎದ್ದು ಕೂಗಿದರೂ ಏನೂ ಕಾಣದು. ಎಲ್ಲದಕ್ಕೂ ಬೇಡ ಬೇಡ ಎಂದು ಒತ್ತಿ ಅಭ್ಯಾಸವಾದ ಬೆರಳಿಗೆ ಇದೊಂದು ಶಿಕ್ಷೆ. ಆ್ಯಪ್ ಇನ್ಫೊದಲ್ಲಿ ನೋಟಿಫಿಕೇಶನ್ಸ್ ಆನ್ ಮಾಡಿದರೆ ಮುಗಿಯಿತು.

ಆ್ಯಪ್ ಇನ್ಫೊದಲ್ಲಿರುವ ಫೋರ್ಸ್ ಸ್ಟಾಪ್ ಒತ್ತಿದರೆ ಆ ಆ್ಯಪ್ ಇಟ್ಟಿದ್ದ ಅಲಾರಾಂಗಳೆಲ್ಲ ಅಳಿಸಿಹೋಗುತ್ತವೆ. ನೀವಾಗಿ ಮತ್ತೆ ತೆರೆಯುವವರೆಗೆ ಅದು ಏಳುವುದೂ ಇಲ್ಲ. ‘ಫೋನ್ ಕ್ಲೀನ್’ ಮಾಡುತ್ತೇವೆ, ‘ಬೂಸ್ಟ್’ ಮಾಡುತ್ತೇವೆ ಎನ್ನುವ ಕೆಲವು ಆ್ಯಪ್‌ಗಳು ಮಾಡುವುದು ಇದನ್ನೇ. ಅಂಥದ್ದು ಫೋನಿನಲ್ಲಿದ್ದರೆ ರಿಮೈಂಡರ್ ಬಗ್ಗೆ ಬೇರೆ ತನಿಖೆ ಮಾಡುವ ಮೊದಲು ಅದನ್ನು ತೆಗೆಯಿರಿ. ಇತ್ತೀಚಿನ ಆ್ಯಪ್‌ಗಳ ಸಾಲಿನಿಂದ ಮೇಲಕ್ಕೆ ತಳ್ಳಿ ಹಾಕುವುದರಿಂದ ಸಾದಾ ಆಂಡ್ರಾಯ್ಡ್‌ನಲ್ಲಿ ಅಲಾರಾಂ ಅಳಿಯುವುದಿಲ್ಲ. ಆದರೆ ತಮ್ಮದೇ ಬ್ಯಾಟರಿ ಕಾವಲುಗಾರರನ್ನು ಇಟ್ಟುಕೊಂಡ ಕಂಪನಿಗಳ ಫೋನ್‌ಗಳಲ್ಲಿ ತಳ್ಳಿದ ಆ್ಯಪ್ ಮತ್ತೆ ಏಳದಿರುವುದೂ ಉಂಟು.

ಆ ಕಾವಲುಗಾರರ ಹೆಸರು ಕಂಪನಿಗೊಂದು. ಶವೋಮಿ, ರೆಡ್ಮಿ, ಪೋಕೋ ಫೋನ್‌ಗಳ ಆ್ಯಪ್ ಇನ್ಫೊದಲ್ಲಿ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿ ಸೇವರ್‌ನಲ್ಲಿ ನೋ ರಿಸ್ಟ್ರಿಕ್ಷನ್ಸ್ ಆರಿಸಿ. ರಿಯಲ್‌ಮಿ, ಒಪ್ಪೊ ಫೋನ್‌ಗಳಲ್ಲಿ ಬ್ಯಾಟರಿ ಯೂಸೇಜ್ ಒಳಗೆ ಅಲೌ ಆಟೋ ಲಾಂಚ್, ಅಲೌ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ ಎರಡೂ ಬೇಕು. ವಿವೊದಲ್ಲಿ ಬ್ಯಾಟರಿ ಪುಟದ ಬ್ಯಾಕ್‌ಗ್ರೌಂಡ್ ಪವರ್ ಕನ್‌ಸಂಪ್ಷನ್ ಮತ್ತು ಅನುಮತಿಗಳಲ್ಲಿ ಆಟೋಸ್ಟಾರ್ಟ್. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ, ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್. ನಿಮ್ಮ ಆ್ಯಪ್ ಡೀಪ್ ಸ್ಲೀಪಿಂಗ್ ಪಟ್ಟಿಯಲ್ಲಿದ್ದರೆ ಅಲ್ಲಿಂದ ತೆಗೆದು ನೆವರ್ ಸ್ಲೀಪಿಂಗ್ ಪಟ್ಟಿಗೆ ಸೇರಿಸಿ. ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಈ ಪುಟಗಳು ಅತ್ತಿತ್ತ ಸರಿಯುತ್ತಿರುತ್ತವೆ. ಅಪ್‌ಡೇಟ್ ಆದ ಮರುದಿನ ಮತ್ತೊಮ್ಮೆ ಇಣುಕಿ ನೋಡುವುದು ಒಳ್ಳೆಯದು.

ರೀಸ್ಟಾರ್ಟ್ ಇನ್ನೊಂದು ಕಳ್ಳ. ಆಂಡ್ರಾಯ್ಡ್ ಫೋನ್ ಆರಿ ಹತ್ತಿದರೆ ಆ್ಯಪ್‌ಗಳು ಇಟ್ಟ ಅಲಾರಾಂಗಳೆಲ್ಲ ಹೋಗುತ್ತವೆ. ಫೋನ್ ಹತ್ತಿದ ಮೇಲೆ ಪ್ರತಿ ಆ್ಯಪ್ ಎದ್ದು ಮತ್ತೆ ಇಟ್ಟುಕೊಳ್ಳಬೇಕು. ಆಟೋಸ್ಟಾರ್ಟ್ ಇಲ್ಲದಿದ್ದರೆ ಏಳಲಾರದು. ಇದ್ದರೂ, ನೀವು ಪಿನ್ ಹಾಕಿ ಮೊದಲ ಸಲ ಲಾಕ್ ತೆಗೆಯುವವರೆಗೆ ಹೆಚ್ಚಿನ ಆ್ಯಪ್‌ಗಳಿಗೆ ಅವುಗಳ ಮಾಹಿತಿಯೇ ಕೈಗೆ ಸಿಗುವುದಿಲ್ಲ. ನಡುರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನೇ ರೀಸ್ಟಾರ್ಟ್ ಆದರೆ, ಬೆಳಗ್ಗೆ 6ರ ರಿಮೈಂಡರ್ ಲಾಕ್ ತೆಗೆಯುವ ತನಕ ಬಾಯಿ ಬಿಡದು. ಆಟೋ ಅಪ್‌ಡೇಟ್ ರಾತ್ರಿ ನಡೆಯದಂತೆ ಮಾಡಿ, ನೀವೇ ಹಗಲು ಹೊತ್ತಿನಲ್ಲಿ ಹಾಕಿಕೊಳ್ಳಿ. ಕೆಲವು ಫೋನ್‌ಗಳಲ್ಲಿ ರಾತ್ರಿ ಆರಿ ಬೆಳಗ್ಗೆ ಹತ್ತುವ ವೇಳಾಪಟ್ಟಿ ಇರುತ್ತದೆ. ಅದನ್ನು ಬಳಸುವವರೂ ಇದೇ ಬಲೆಗೆ ಬೀಳುತ್ತಾರೆ.

ತಿಂಗಳುಗಟ್ಟಲೆ ತೆರೆಯದ ಆ್ಯಪ್‌ನದು ಬೇರೆ ಕಥೆ. ವರ್ಷಕ್ಕೊಮ್ಮೆ ವಿಮೆ ಕಂತು, ಆರು ತಿಂಗಳಿಗೊಮ್ಮೆ ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಎಂದು ಒಂದು ಆ್ಯಪ್‌ನಲ್ಲಿ ಇಟ್ಟು ಮರೆತರೆ, ಅಷ್ಟರೊಳಗೆ ಆಂಡ್ರಾಯ್ಡ್ ಆ ಆ್ಯಪ್‌ನ ಅನುಮತಿಗಳನ್ನು ಹಿಂದಕ್ಕೆ ಪಡೆದು ಮಲಗಿಸಿರುತ್ತದೆ. ಆ್ಯಪ್ ಇನ್ಫೊದ ಕೆಳಗಡೆ ‘ಪಾಸ್ ಆ್ಯಪ್ ಆ್ಯಕ್ಟಿವಿಟಿ ಇಫ್ ಅನ್‌ಯೂಸ್ಡ್’ ಅಥವಾ ‘ಮ್ಯಾನೇಜ್ ಆ್ಯಪ್ ಇಫ್ ಅನ್‌ಯೂಸ್ಡ್’ ಎಂಬ ಸ್ವಿಚ್ ಆಫ್ ಮಾಡಿ. ಇಷ್ಟು ದೂರದ ನೆನಪುಗಳಿಗೆ ಕ್ಯಾಲೆಂಡರ್ ಮೇಲು. ಅದು ಫೋನ್ ಬದಲಿಸಿದರೂ ಖಾತೆಯ ಜೊತೆ ಬರುತ್ತದೆ.

ಐಫೋನ್ ಇದ್ದರೆ

ಇಲ್ಲಿ ಡೋಜ್ ಗೊಡವೆ ಇಲ್ಲ. ಆ್ಯಪ್ ಕೊಟ್ಟ ಸಮಯವನ್ನು ಐಒಎಸ್ ತಾನೇ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ತೋರಿಸುತ್ತದೆ. ತೊಂದರೆ ಬರುವುದು ಬೇರೆ ಕಡೆ.

ಬಾಕಿ ಇರುವ ಸೂಚನೆಗಳಿಗೆ ಒಂದು ಆ್ಯಪ್‌ಗೆ 64ರ ಮಿತಿ ಇದೆ. ಹತ್ತಿರದ 64 ಉಳಿಯುತ್ತವೆ, ಮಿಕ್ಕವು ಬಿದ್ದುಹೋಗುತ್ತವೆ. ‘ದಿನಾ 6ಕ್ಕೆ’ ಎಂದು ಒಂದೇ ಮರುಕಳಿಕೆಯಾಗಿ ಇಟ್ಟರೆ ಅದು ಒಂದೇ ಲೆಕ್ಕ. ಆದರೆ ಕೆಲವು ಆ್ಯಪ್‌ಗಳು ಒಂದೊಂದು ಹೊತ್ತನ್ನೂ ಬಿಡಿಬಿಡಿಯಾಗಿ ಇಡುತ್ತವೆ. ದಿನಕ್ಕೆ 4 ಹೊತ್ತಾದರೆ 16 ದಿನಕ್ಕೆ 64 ಮುಗಿಯಿತು. ಹದಿನಾರು ದಿನ ಸರಿಯಾಗಿ ಬಂದು ಆಮೇಲೆ ಪೂರ್ತಿ ನಿಂತುಹೋಗಿ, ಆ್ಯಪ್ ತೆರೆದ ಕೂಡಲೇ ಮತ್ತೆ ಶುರುವಾದರೆ ಕಾರಣ ಇದು. ವಾರಕ್ಕೊಮ್ಮೆಯಾದರೂ ತೆರೆಯಿರಿ.

ಸಮಯ ಹಾಕದೆ ಬರೀ ದಿನಾಂಕ ಹಾಕಿದ ರಿಮೈಂಡರ್ ಬೆಳಗ್ಗೆ 9ಕ್ಕೆ ಬರುತ್ತದೆ. ರಿಮೈಂಡರ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಟುಡೇ ನೋಟಿಫಿಕೇಶನ್ ಎಂಬಲ್ಲಿ ಆ ಹೊತ್ತನ್ನು ಬದಲಿಸಬಹುದು. ಶೆಡ್ಯೂಲ್ಡ್ ಸಮ್ಮರಿ ಆನ್ ಇದ್ದು ನಿಮ್ಮ ಆ್ಯಪ್ ಅದರೊಳಗೆ ಸೇರಿದ್ದರೆ ಸೂಚನೆಗಳು ಕಟ್ಟು ಕಟ್ಟಿ ನಿಗದಿತ ಹೊತ್ತಿಗೇ ಬರುತ್ತವೆ. ಆ ಆ್ಯಪ್ ಅನ್ನು ಹೊರಗಿಡಿ. ಫೋಕಸ್ (ಡೂ ನಾಟ್ ಡಿಸ್ಟರ್ಬ್‌ನಂಥ ಮೌನದ ಏರ್ಪಾಡು) ಇದ್ದಾಗಲೂ ಬರಬೇಕೆಂದರೆ ಟೈಮ್ ಸೆನ್ಸಿಟಿವ್ ಆನ್ ಇರಲಿ. ಆ್ಯಪಲ್ ವಾಚ್ ಕಟ್ಟಿಕೊಂಡಿದ್ದು ಐಫೋನ್ ಲಾಕ್ ಆಗಿದ್ದರೆ ಸೂಚನೆ ಮಣಿಕಟ್ಟಿಗೆ ಹೋಗುತ್ತದೆ, ಫೋನ್ ಸುಮ್ಮನಿರುತ್ತದೆ. ಅದು ದೋಷವಲ್ಲ, ಇರುವುದೇ ಹಾಗೆ.

ಐಫೋನಿನ ಗಡಿಯಾರದ ಅಲಾರಾಂ ಸೈಲೆಂಟ್ ಇದ್ದರೂ ಹೊಡೆಯುತ್ತದೆ. ಆದರೆ ಅದರ ಸದ್ದು ರಿಂಗ್‌ಟೋನ್ ವಾಲ್ಯೂಮ್ ಹಿಂದೆಯೇ ಹೋಗುತ್ತದೆ. ಸೌಂಡ್ಸ್ ಪುಟದಲ್ಲಿ ಚೇಂಜ್ ವಿತ್ ಬಟನ್ಸ್ ಆನ್ ಇದ್ದರೆ ರಾತ್ರಿ ಜೇಬಿನಲ್ಲಿ ಗುಂಡಿ ಒತ್ತಿ ಇಳಿದದ್ದು ಬೆಳಗ್ಗೆ ಪಿಸುಮಾತಾಗುತ್ತದೆ. ಅದನ್ನು ಆಫ್ ಮಾಡಿ. ಟೋನ್ ‘ನನ್’ ಎಂದಿದ್ದರೆ ಬರೀ ಕಂಪನ.

ತಪ್ಪು ದಿನ ಬರುತ್ತದೆ

ಇಲ್ಲಿ ಫೋನ್ ನಿರಪರಾಧಿ. ನಾವು ಹೇಳಿದ್ದನ್ನೇ ಮಾಡಿದೆ, ಹೇಳಬೇಕೆಂದುಕೊಂಡದ್ದನ್ನಲ್ಲ.

ಮೊದಲು ಎಎಂ, ಪಿಎಂ. ರಾತ್ರಿ 12 ಎಂದರೆ 12 ಎಎಂ, ಮಧ್ಯಾಹ್ನ 12 ಎಂದರೆ 12 ಪಿಎಂ. ಗೊಂದಲ ಕಡಿಯಲು 24 ಗಂಟೆಯ ಗಡಿಯಾರಕ್ಕೆ ಬದಲಿಸಿ. ‘ಮಂಗಳವಾರ ರಾತ್ರಿ ಹನ್ನೆರಡೂವರೆ’ ನಮ್ಮ ಬಾಯಲ್ಲಿ ಮಂಗಳವಾರವೇ, ಫೋನಿಗೆ ಬುಧವಾರ. ಗಡಿಯಾರದಲ್ಲಿ ವಾರಗಳ ಉರುಟು ಗುಂಡಿ ಒತ್ತುವಾಗಲೂ ಎಚ್ಚರ: ಇಂಗ್ಲಿಷಿನಲ್ಲಿ ಮಂಗಳ, ಗುರು ಎರಡಕ್ಕೂ ‘ಟಿ’, ಕನ್ನಡದಲ್ಲಿ ‘ಶು’ ಮತ್ತು ‘ಶ’ ಪಕ್ಕಪಕ್ಕ. ಯಾವ ವಾರವನ್ನೂ ಆರಿಸದೆ ಬಿಟ್ಟರೆ ಅಲಾರಾಂ ಒಂದೇ ಸಲ ಹೊಡೆದು ತಾನೇ ಆಫ್ ಆಗುತ್ತದೆ. ‘ನಿನ್ನೆ ಹೊಡೀತು, ಇವತ್ತು ಇಲ್ಲ’ ಎಂಬುದಕ್ಕೆ ಅತಿ ಸರಳ ಕಾರಣ ಇದು.

ವಾರಕ್ಕೊಮ್ಮೆಯ ಮಾತ್ರೆಯ ವಿಷಯದಲ್ಲಿ ಈ ತಪ್ಪು ಸಣ್ಣದಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇಂಥದ್ದಕ್ಕೆ ರಿಮೈಂಡರ್ ಇಟ್ಟ ಮೇಲೆ ಕ್ಯಾಲೆಂಡರ್‌ನ ತಿಂಗಳ ನೋಟ ತೆರೆದು, ನಾಲ್ಕೈದು ಕಡೆ ಮಾತ್ರ ಗುರುತು ಬಿದ್ದಿದೆಯೇ ಎಂದು ಎಣಿಸಿ. ಹೆಸರಲ್ಲೇ ‘ಸೋಮವಾರ ಮಾತ್ರ’ ಎಂದು ಬರೆಯಿರಿ.

ದಿನ ಬಿಟ್ಟು ದಿನ ಎಂಬುದು ಗಡಿಯಾರದ ವಾರದ ಗುಂಡಿಗಳಿಂದ ಆಗದ ಕೆಲಸ. ಸೋಮ, ಬುಧ, ಶುಕ್ರ, ಭಾನು ಎಂದು ಒತ್ತಿದರೆ ಭಾನುವಾರದ ಬೆನ್ನಿಗೇ ಸೋಮವಾರ ಬರುತ್ತದೆ. ಕ್ಯಾಲೆಂಡರ್‌ನಲ್ಲಿ ಕಸ್ಟಮ್ ಆರಿಸಿ ‘ಪ್ರತಿ 2 ದಿನ’ ಎಂದು ಹಾಕಿ, ಶುರುವಿನ ದಿನಾಂಕ ಸರಿಯಾಗಿ ಕೊಡಿ. 15 ದಿನಕ್ಕೊಮ್ಮೆ ಎಂಬುದನ್ನು ‘ಪ್ರತಿ 2 ವಾರ’ ಎಂದು ಹಾಕಿದರೆ ಅದು 14 ದಿನ. ವಾರ ಬದಲಾಗಬಾರದೆಂದರೆ ಅದೇ ಸರಿ.

ತಿಂಗಳ 31ಕ್ಕೆ ಎಂದು ಇಟ್ಟರೆ 31 ಇಲ್ಲದ ತಿಂಗಳು ಖಾಲಿ. ಕ್ಯಾಲೆಂಡರ್‌ಗಳು ಅನುಸರಿಸುವ ಆರ್‌ಎಫ್‌ಸಿ 5545 ಎಂಬ 2009ರ ಮಾನದಂಡದಲ್ಲೇ ಇಲ್ಲದ ದಿನಾಂಕವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿದೆ. ವರ್ಷಕ್ಕೆ ಏಳೇ ಸಲ ಬರುತ್ತದೆ. ತಿಂಗಳ ಕೊನೇ ದಿನ ಎಂಬ ಆಯ್ಕೆ ಇದ್ದರೆ ಸರಿ, ಇಲ್ಲದಿದ್ದರೆ 28ಕ್ಕೆ ಇಟ್ಟುಬಿಡಿ. ತಿಂಗಳಿಗೊಮ್ಮೆ ಎಂದಾಗ ‘12ನೇ ತಾರೀಖು’ ಮತ್ತು ‘ಎರಡನೇ ಸೋಮವಾರ’ ಎಂದು ಎರಡು ಆಯ್ಕೆ ಕಾಣುತ್ತವೆ. ತಿಂಗಳ 20ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-3ಬಿ ಎಂಬ ಜಿಎಸ್‌ಟಿ ರಿಟರ್ನ್‌ಗೆ ಈ ವಾರದ ಬಗೆ ಆರಿಸಿ ‘ಮೂರನೇ ಸೋಮವಾರ’ ಎಂದಿಟ್ಟರೆ, ಅದು 21ಕ್ಕೆ ಬಿದ್ದ ತಿಂಗಳು ತಡಶುಲ್ಕ ಕಟ್ಟುವುದು ಗ್ಯಾರಂಟಿ. 20ಕ್ಕೆ ಬೇಡ, 17ಕ್ಕೇ ಇಡಿ.

ಸಂಕಷ್ಟಿ, ಏಕಾದಶಿ, ಅಮಾವಾಸ್ಯೆ, ಅಪ್ಪನ ತಿಥಿ: ಇವನ್ನು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದು ಇಟ್ಟು ಮೋಸ ಹೋಗಬೇಡಿ. ಚಾಂದ್ರಮಾನದ ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ, ವರ್ಷ ಸುಮಾರು 354 ದಿನ. ಮೊದಲ ವರ್ಷ 11 ದಿನ ಹಿಂದೆ ಸರಿದ ತಿಥಿ, ಅಧಿಕ ಮಾಸ ಬಂದ ವರ್ಷ ಮುಂದಕ್ಕೆ ಹಾರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂತು, 2026ರಲ್ಲಿ ಅಧಿಕ ಜ್ಯೇಷ್ಠ. ‘ಪ್ರತಿ 15 ದಿನ’ ಎಂದು ಏಕಾದಶಿ ಇಟ್ಟರೆ ಎರಡು ಮೂರು ತಿಂಗಳಲ್ಲೇ ದ್ವಾದಶಿಗೋ ತ್ರಯೋದಶಿಗೋ ಉಪವಾಸ ಮಾಡಬೇಕಾಗುತ್ತದೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ನೀವು ನಡೆದುಕೊಳ್ಳುವ ಮಠದ ಲೆಕ್ಕ ನೋಡಿ ಆ ವರ್ಷದ ದಿನಾಂಕಗಳನ್ನು ಒಂದೊಂದಾಗಿ ಹಾಕುವುದೇ ನಂಬುಗೆಯ ದಾರಿ. ಅರ್ಧ ಗಂಟೆಯ ಕೆಲಸ. ಸ್ಮಾರ್ತರ ಏಕಾದಶಿಗೂ ವೈಷ್ಣವರದಕ್ಕೂ ಕೆಲವೊಮ್ಮೆ ಒಂದು ದಿನ ವ್ಯತ್ಯಾಸ ಬರುವುದರಿಂದ, ಕಂಡ ಕಂಡ ಕ್ಯಾಲೆಂಡರ್‌ಗಳನ್ನು ಫೋನಿಗೆ ಜೋಡಿಸಿಕೊಂಡರೆ ಜಗಳ ಮನೆಗೆ ಬರುತ್ತದೆ.

ಹೊರದೇಶದಲ್ಲಿರುವವರಿಗೆ ಇನ್ನೊಂದು. ನ್ಯೂಜೆರ್ಸಿಯಲ್ಲಿ ಕೂತು ಭಾನುವಾರ ಊರಿನ ರಾತ್ರಿ 8ಕ್ಕೆ ಅಮ್ಮನಿಗೆ ಫೋನ್ ಎಂದರೆ ಬೇಸಿಗೆಯಲ್ಲಿ ಅಲ್ಲಿ ಬೆಳಗ್ಗೆ 10.30, ಚಳಿಗಾಲದಲ್ಲಿ 9.30. ಅಮೆರಿಕದ ಗಡಿಯಾರ ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ. ಗಡಿಯಾರದ ಅಲಾರಾಂಗೆ ಫೋನ್ ಇರುವ ಊರಿನ ಹೊತ್ತು ಬಿಟ್ಟು ಬೇರೆ ಗೊತ್ತಿಲ್ಲ. ಕ್ಯಾಲೆಂಡರ್ ಈವೆಂಟ್ ಮಾಡಿ, ಅದರ ಟೈಮ್ ಝೋನ್ ಅನ್ನು ಭಾರತದ್ದಕ್ಕೆ ಬದಲಿಸಿ ರಾತ್ರಿ 8 ಎಂದೇ ಹಾಕಿ. ಮಾತ್ರೆಯದು ಇದಕ್ಕೆ ಉಲ್ಟಾ, ಅದನ್ನು ಹೀಗೆ ಭಾರತದ ಹೊತ್ತಿಗೆ ಕಟ್ಟಿಹಾಕಬೇಡಿ. ಪ್ರಯಾಣದಲ್ಲಿ ಹೊತ್ತು ಹೇಗೆ ಬದಲಿಸಬೇಕೆಂದು ಡಾಕ್ಟರನ್ನು ಕೇಳಿ.

ಎರಡೆರಡು ಸಲ ಬರುತ್ತದೆ

ಒಂದೇ ಖಾತೆಯನ್ನು ಎರಡು ಕ್ಯಾಲೆಂಡರ್ ಆ್ಯಪ್‌ಗಳು ಓದುತ್ತಿವೆ. ಸ್ಯಾಮ್‌ಸಂಗ್ ಫೋನಿನಲ್ಲಿ ಅದರದ್ದೇ ಕ್ಯಾಲೆಂಡರ್ ಮತ್ತು ಗೂಗಲ್ ಕ್ಯಾಲೆಂಡರ್ ಎರಡೂ ಕೂಗುತ್ತವೆ. ಈವೆಂಟ್ ಅಳಿಸಬೇಡಿ, ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತದೆ. ಒಂದು ಆ್ಯಪ್‌ನ ನೋಟಿಫಿಕೇಶನ್ ಆಫ್ ಮಾಡಿದರೆ ಸಾಕು. ಮರುಕಳಿಸುವ ಒಂದನ್ನು ತಿದ್ದುವಾಗ ‘ಇದೊಂದೇ’ ಅಥವಾ ‘ಇದು ಮತ್ತು ಮುಂದಿನವು’ ಎಂದು ಕೇಳುತ್ತದೆ. ಸಮಯ ಖಾಯಂ ಬದಲಿಸಲು ಹೊರಟವರು ಮೊದಲನೆಯದನ್ನು ಒತ್ತಿ, ಮರುದಿನ ಹಳೆಯ ಹೊತ್ತಿಗೇ ಬಂತೆಂದು ಇನ್ನೊಂದು ಹೊಸದಾಗಿ ಇಟ್ಟು ಜೋಡಿ ಮಾಡಿಕೊಳ್ಳುತ್ತಾರೆ.

ಸರಿಯಾಯಿತೇ ಎಂಬ ಪರೀಕ್ಷೆ

ಐದು ನಿಮಿಷದ ಮುಂದಕ್ಕೆ ಇಟ್ಟು, ಬಂತು ಎಂದು ನೋಡಿದರೆ ಸಾಲದು. ಕೈಯಲ್ಲಿ ಹಿಡಿದ ಫೋನ್ ನಿದ್ದೆಗೇ ಹೋಗಿರುವುದಿಲ್ಲ. ರಾತ್ರಿ ಫೋನ್ ರೀಸ್ಟಾರ್ಟ್ ಮಾಡಿ, ಒಮ್ಮೆ ಲಾಕ್ ತೆಗೆಯಿರಿ, ಆದರೆ ರಿಮೈಂಡರ್ ಆ್ಯಪ್ ತೆರೆಯಬೇಡಿ. ಚಾರ್ಜರ್ ಹಾಕದೆ, ಬ್ಯಾಟರಿ ಕನಿಷ್ಠ ಅರ್ಧ ಇರುವಂತೆ, ಮೇಜಿನ ಮೇಲೆ ಇಟ್ಟು ಮಲಗಿ. ಜೊತೆಗೆ ಗಡಿಯಾರದಲ್ಲಿ 6.10ಕ್ಕೆ ಒಂದು ಅಲಾರಾಂ ಇರಲಿ, ಪರೀಕ್ಷೆ ಸೋತರೂ ಮಾತ್ರೆ ತಪ್ಪಬಾರದು. ಬೆಳಗ್ಗೆ ಏನಾಯಿತೆಂದು ನೋಟಿಫಿಕೇಶನ್ ಹಿಸ್ಟರಿಯಲ್ಲಿ ನಿಮಿಷ ಸಮೇತ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಎರಡು ರಾತ್ರಿ ಹೀಗೆ ನೋಡಿ. ಎರಡೂ ದಿನ 6.00 ಎಂದೇ ದಾಖಲಾದರೆ 6.10ರ ಅಲಾರಾಂ ತೆಗೆಯಬಹುದು.